ನಕಲು ಪ್ರತಿ

ಆಡಿನ ಹೊಟ್ಟೆಯೊಳಗಿನ ಮರಿಯ ಅಂಡಾಶಯ
ಅಂಗೈಯಲ್ಲಿಟ್ಟರೆ ನೆನೆದ ಮೆಂತೆಕಾಳು.
ನೆಲ್ಲಿಕುಂಜೆಯ ಅಂದುಂಞಿಚ್ಚ ಬೆಳಗ್ಗೆ ಐದಕ್ಕೇ ಫೋನು ಮಾಡುತ್ತಾರೆ:
"ಟೀಚರೇ, ಇವತ್ತೊಂದುಂಟು. ಗಬ್ಬವೆಂದು ನನಗೂ ಗೊತ್ತಾಗಲಿಲ್ಲ, ಪಾಪ."
ಫ್ಲಾಸ್ಕಿನ ಐಸಿನಲ್ಲಿ ಅದನ್ನು ಮಡಿಲಲ್ಲಿಟ್ಟು
ಪೆರಿಯದ ಬಸ್ಸು ಹತ್ತುತ್ತೇನೆ.
"ಚೋರಾಣೋ?" ಎನ್ನುತ್ತಾನೆ ಕಂಡಕ್ಟರು.
ಅವನ ಮಲಯಾಳದಲ್ಲಿ ಅನ್ನ ಬೇರೆ, ರಕ್ತ ಬೇರೆ;
ನನ್ನ ಕನ್ನಡದ ಕಿವಿಗೆ ಎರಡೂ ಒಂದೇ ಸದ್ದು.
ಹೌದು ಎನ್ನುತ್ತೇನೆ.

ಬೋಳಾಡಿನ ಸಂಗತಿ ನಾನು ಓದುವ ಮೊದಲೇ ಹೇಳಿದ್ದು ಅಂದುಂಞಿಚ್ಚ.
ಕೊಂಬಿಲ್ಲದ ಹೋತಕ್ಕೆ ಕೊಂಬಿಲ್ಲದ ಆಡನ್ನು ಬಿಡಬಾರದು,
ಹೆಣ್ಣಾಗಿ ಹುಟ್ಟಬೇಕಾದ್ದಕ್ಕೆ ಹೋತದ ವಾಸನೆ ಬರುತ್ತದೆ.
"ಪಡೆಚ್ಚೋನ ಲೆಕ್ಕ ನಮಗೆಂತ ಗೊತ್ತು."

ಲೆಕ್ಕ ಇಷ್ಟು:
ಫಾಕ್ಸ್‌ಎಲ್‌ಟು ಎಂಬ ಜೀನು ಅಲ್ಲಿ ಹಾಗೇ ಇದೆ, ಒಂದಕ್ಷರ ಕೆಟ್ಟಿಲ್ಲ.
ಲಕ್ಷಗಟ್ಟಲೆ ಅಕ್ಷರಗಳಾಚೆ ಒಂದು ತುಂಡು ಹರಿದುಹೋಗಿದೆ.
ಇದನ್ನು ತೆರೆ ಎಂಬ ಚೀಟಿ ಇದ್ದದ್ದು ಆ ತುಂಡಿನಲ್ಲಿ.

ಚೀಟಿ ಎಂದರೆ ನನಗೆ ಜಲಜಾಕ್ಷಿ ಅತ್ತೆ,
ಮಂಜೇಶ್ವರದ ರಿಜಿಸ್ಟ್ರಿ ಆಫೀಸಿನಲ್ಲಿ ಮೂವತ್ತೆರಡು ವರ್ಷ ನಕಲುಗಾರ್ತಿ.
ಕಪಾಟುಗಳಲ್ಲಿ ಇಡೀ ಸೀಮೆಯ ದಸ್ತಾವೇಜು,
ಹಳೆಯವು ಕನ್ನಡದವು, ಜೇಡನ ಕಾಲಿನಂಥ ಬರಹದವು.
ಎಲ್ಲವೂ ಇತ್ತು. ಎಲ್ಲವನ್ನೂ ಯಾರೂ ಓದಲಿಲ್ಲ.
ಪ್ಯೂನ್ ಬಾಳಪ್ಪಣ್ಣ ಚೀಟಿ ಹಿಡಿದು ಬಂದು
ಸರಿಯಾದ ಕಟ್ಟು ಬಿಚ್ಚಿ, ಬೆರಳಿಟ್ಟಲ್ಲಿಂದ
ಅತ್ತೆ ಬರೆಯತೊಡಗುವಳು.
ಅವ ರಜೆ ಹಾಕಿದ ದಿನ
ಯಾರದೋ ಗದ್ದೆ ಇದ್ದೂ ಇಲ್ಲ.

ಕೋಶದೊಳಗೂ ಬಾಳಪ್ಪಣ್ಣಂದಿರೇ.
ಫಿಗ್ಲಾ ಬಂದು ಬೆರಳಿಟ್ಟರೆ ಅಂಡದ ಸುತ್ತ ಗಾಜಿನಂಥ ಪೊರೆ.
ನೋಬಾಕ್ಸ್ ಬಾರದಿದ್ದರೆ ಬೆಳೆಯುವ ಮೊದಲೇ ಬತ್ತುವ ಅಂಡ.
ಫಾಕ್ಸ್‌ಎಲ್‌ಟು ಮಾತ್ರ ಸ್ವಲ್ಪ ಹಟಮಾರಿ:
ತೆರೆಯುವುದು ಅರ್ಧ ಕೆಲಸ, ತೆರೆಯಗೊಡದಿರುವುದು ಇನ್ನರ್ಧ.
ಪಕ್ಕದ ಕಪಾಟಿನ ಗಂಡು ಕಟ್ಟಿನ ಮೇಲೆ ಕುಕ್ಕರುಗಾಲಲ್ಲಿ ಕೂತು
ಬೇಡ ಎನ್ನುತ್ತದೆ. ನಾಳೆಯೂ. ನಾಡಿದ್ದೂ.
ಬೆಳೆದು ನಿಂತ ಇಲಿಯಿಂದ ಅದನ್ನು ತೆಗೆದು ನೋಡಿದವರಿದ್ದಾರೆ;
ಮೂರೇ ವಾರದಲ್ಲಿ ಅಂಡಾಶಯ ವೃಷಣದ ಭಾಷೆ ಆಡತೊಡಗಿತಂತೆ.
ಹೆಣ್ಣಾಗುವುದು ಒಮ್ಮೆಗೇ ಮುಗಿಯುವ ತೀರ್ಮಾನವಲ್ಲ
ಎಂದು ನೋಟುಬುಕ್ಕಿನಲ್ಲಿ ಬರೆದೆ,
ಗೀಟು ಹೊಡೆದು, ಅಂಡಾಶಯಕ್ಕೆ ಎಂದು ತಿದ್ದಿದೆ.

ಅತ್ತೆಗೆ ರೆಪ್ಪೆ ಅರ್ಧವೇ ಏಳುತ್ತಿತ್ತು.
ಗಲ್ಲ ಮೇಲೆತ್ತಿ, ಮೂಗಿನ ತುದಿಯಿಂದೆಂಬಂತೆ ಲೋಕವನ್ನು ನೋಡುವಳು.
ಜಂಬವೆಂದರು ಆಫೀಸಿನವರು.
ಜಲಜಾಕ್ಷಿಯಂತೆ! ಎಂದು ನಕ್ಕರು ಊರಿನವರು.
ಇಪ್ಪತ್ತಾರಕ್ಕೆ ಮುಟ್ಟು ನಿಂತಿತು.
ಮಂಗಳೂರಿನ ಡಾಕ್ಟರು, ಕುಂಬಳೆಯ ಬೇರಿನ ಕಷಾಯ,
ಎರಡು ಹರಕೆ, ಒಬ್ಬ ಗಂಡ ಬಿಟ್ಟುಹೋದದ್ದು.
ಕಣ್ಣನ್ನೂ ಒಡಲನ್ನೂ ಒಟ್ಟಿಗೆ ಯಾರೂ ಓದಲಿಲ್ಲ,
ಎರಡೂ ಒಂದೇ ಕೈಬರಹ.
ಅಪ್ಪನಿಗೂ ಅದೇ ರೆಪ್ಪೆ. ಗಂಡಸನ್ನು ಅಷ್ಟಕ್ಕೇ ಬಿಟ್ಟಿತು.
ಹಾಗಾಗಿ ನಾನು.

ಬಸ್ಸಿನ ಬೋರ್ಡು ಓದಲು ನಾನೂ ಗಲ್ಲ ಎತ್ತುತ್ತೇನೆ.
ಮೈಕ್ರೊಸ್ಕೋಪಿನ ಮುಂದೆ ಎತ್ತಬೇಕಿಲ್ಲ, ಬಗ್ಗಿದರಾಯಿತು.
ಕತ್ತಲ ಕೋಣೆ. ಮೆಂತೆಕಾಳಿನ ತೆಳ್ಳನೆ ಸೀಳು.
ಬಣ್ಣ ಹಿಡಿದಿದೆ:
ಒಂದೊಂದು ಅಂಡದ ಸುತ್ತ ಏಳೆಂಟು ಹಸಿರು ಚುಕ್ಕಿ,
ಹುಟ್ಟದ ಆಡಿನೊಳಗೆ ಬೆರಳಿಟ್ಟು ಕೂತಿವೆ
ಯಾರೂ ಕೇಳಲು ಬಾರದ ದಸ್ತಾವೇಜಿನ ಮೇಲೆ.

ನನಗೀಗ ಇಪ್ಪತ್ತೊಂಬತ್ತು.
ಹೋದ ತಿಂಗಳು ಹದಿನೇಳು ದಿನ ತಡ.
ಈ ತಿಂಗಳಿನದ್ದು ಕ್ಯಾಲೆಂಡರಿನಲ್ಲಿ ಇನ್ನೂ ಖಾಲಿ ಚೌಕ.

ಪ್ರತಿ ನಕಲಿನ ಕೊನೆಗೆ ಅತ್ತೆ ಬರೆಯುತ್ತಿದ್ದಳು:
ಅಸಲಿನಲ್ಲಿ ಇದ್ದಂತೆ. ಗೀಟು ಒಂದು. ಸೇರಿಸಿದ್ದು ಇಲ್ಲ.
ಶಾಯಿ ಆರುವ ತನಕ ಊದುವಳು.

ಸಂಜೆ ಅಂದುಂಞಿಚ್ಚ ಕೇಳುತ್ತಾರೆ, ಕೆಲಸಕ್ಕೆ ಬಂತಾ ಟೀಚರೇ?
ಬಂತು, ಎನ್ನುತ್ತೇನೆ, ಎಣಿಸುತ್ತಾ ಇದ್ದೇನೆ.
ನೂರ ಹನ್ನೊಂದು, ನೂರ ಹನ್ನೆರಡು.
ಮಾತಿನಲ್ಲಿ ಎಲ್ಲೋ ತಪ್ಪಿತು.
ಮೊದಲಿನಿಂದ.